ಕುರ್ಚಿಗೆ ಯಾರ ಶಾಪ?

(ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೊರಟ ಬಸ್ಸು ತೆರಕಣಾಂಬಿ ದಾಟಿದೆ. ಅಳಿಯ ಬಾಯಿಗೆ ಟವೆಲ್ ಅಡ್ಡ ಹಿಡಿದು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಾನೆ.)

ಮಾವ: ಯಾನ್ಲಾ, ಚೆಂಡುಹೂವಿನ ರೇಟು ಕೇಳಕ್ಕೆ ಇಷ್ಟು ಗುಟ್ಟಾ?

ಅಳಿಯ: ಸರ್ಕಾರದೋರು ಕೇಳಿಸ್ಕತಾರೆ ಮಾವ.

ಮಾವ: ಕೇಳಿಸ್ಕಳ್ಳಿ ಬುಡು. ಕಚೇರೀಲಿ ಎದುರಿಗೆ ನಿಂತು ಕೂಗಿದ್ರೂ ಕೇಳಿಸ್ಕಳ್ದೋರು, ಹಂಗಾದ್ರೂ ಕೇಳ್ಲಿ!

ಅಳಿಯ: ತಮಾಸೆ ಅಲ್ಲ. ಸರ್ಕಾರ ಅಂದ್ರೆ ನೆನಪಾಯ್ತು, ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳ್ಕತಾರೆ ಅಂತಾರಲ್ಲ, ಹೆಗಡೆಯವರದ್ದೂ ಹಂಗೇ ಹೋಯ್ತಂತೆ?

ಮಾವ: ನಮ್ಮೂರ ಮೇಲೆ ಯಾಕ್ಲಾ ಗೂಬೆ ಕೂರಿಸ್ತೀಯ? ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟಿದ್ದು ಫೋನ್ ಕದ್ದಾಲಿಕೆ ಗಲಾಟೇಲಿ. ಸಿದ್ದರಾಮಯ್ಯ ಇಲ್ಲಿಗೆ ಎಷ್ಟೋ ಸಲ ಬಂದ್ರು, 2013ರಿಂದ ಐದು ವರ್ಷ ಗಟ್ಟಿಯಾಗಿ ಕುಂತಿದ್ರು.

ಅಳಿಯ: 2019ರಲ್ಲೂ ಕದ್ದಾಲಿಕೆ ಅಂತ ಸಿಬಿಐಗೆ ಕೊಟ್ರಲ್ಲ?

ಮಾವ: ಅಷ್ಟೊತ್ತಿಗೆ ಕದ್ದು ಕೇಳಿದ್ರು ಅಂತ ಆರೋಪ ಹೊತ್ತ ಸರ್ಕಾರವೇ ಬಿದ್ದಿತ್ತು. ರಾಜೀನಾಮೆ ಯಾರನ್ನ ಕೇಳಾದು?

ಅಳಿಯ: ಫೋನ್ ಕದ್ದು ಕೇಳಕ್ಕೆ ಕಾನೂನು ಇಲ್ವಾ?

ಮಾವ: ಐತಲ್ಲ. ಗೃಹ ಕಾರ್ಯದರ್ಶಿ ಆದೇಶ ಮಾಡ್ಬೇಕು, ಮುಖ್ಯ ಕಾರ್ಯದರ್ಶಿ ಸಮಿತಿ ಅದನ್ನ ನೋಡ್ಬೇಕು.

ಅಳಿಯ: ಸಮಿತೀಲಿ ಜಡ್ಜು?

ಮಾವ: ಇಲ್ಲ. ಎಲ್ಲಾ ಕಾರ್ಯದರ್ಶಿಗಳೇ. ಅಡುಗೆ ಅವರದೇ, ರುಚಿ ನೋಡೋರೂ ಅವರೇ.

ಕಂಡಕ್ಟರ್: (ಚಿಲ್ಲರೆ ಎಣಿಸುತ್ತ) ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜುಗಳು ಒಕ್ಕೊರಲಲ್ಲಿ ಹೇಳಿದ್ರಲ್ಲ ಸ್ವಾಮಿ! ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಮಾವ: ನಮ್ಮ ಮಾತು ನಿಮಗೆ ಹೆಂಗೆ ಕೇಳಿಸ್ತು?

ಕಂಡಕ್ಟರ್: ಎದುರಿಗೇ ನಿಂತಿವ್ನಿ. ಕದ್ದು ಕೇಳೋರು ಹಿಂಗೆ ಮುಖ ತೋರ್ಸಲ್ಲ.