ಹಾಳೆಗೆಂಥ ದುಡ್ಡು?

ಕರಕುಶಲ ಮೇಳಗಳಲ್ಲಿ ವ್ಯಾಪಾರ ಕುದುರದಿರುವುದಕ್ಕೆ ಪ್ಲಾಸ್ಟಿಕ್ಕು, ಆನ್‌ಲೈನು, ಹೊಸ ತಲೆಮಾರಿನ ಅಭಿರುಚಿ ಎಂದು ತಿಳಿದವರು ಹತ್ತು ಕಾರಣ ಕೊಡುತ್ತಾರೆ. ಇರಬಹುದು. ಆದರೆ ಬೆಳುವಾಯಿ ಕಡೆಯ ನಮ್ಮಂಥ ಗಿರಾಕಿಗಳ ಮಟ್ಟಿಗೆ ಅಸಲಿ ಕಾರಣ ಅಡಿಕೆ ತೋಟ ಎಂಬುದು ನನ್ನ ವಾದ. ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ಉತ್ಸವ ಬಂತೆಂದರೆ ಅಲ್ಲಿನ ಮೇಳಕ್ಕೆ ಸಂಸಾರ ಸಮೇತ ಬಸ್ಸು ಹತ್ತುತ್ತೇವೆ. ಚುರುಮುರಿಯವನು ಹೇಳಿದಷ್ಟು ಕೊಟ್ಟು, ಐಸ್‌ಕ್ರೀಮಿಗೆ ಚಿಲ್ಲರೆಯನ್ನೂ ಬಿಟ್ಟು, ಧಾರಾಳಿಗಳಾಗಿ ಮುಂದೆ ಹೋಗುತ್ತೇವೆ. ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ಇಟ್ಟುಕೊಂಡು ಕುಳಿತವರು ಕಂಡ ಕೂಡಲೇ ಆ ಧಾರಾಳತನ ಎಲ್ಲಿಗೋ ಹಾರಿಹೋಗುತ್ತದೆ. ತಲೆಗಿಟ್ಟು ನೋಡುತ್ತೇವೆ, ಮಕ್ಕಳ ತಲೆಗಿಡುತ್ತೇವೆ, ಸೆಲ್ಫಿ ತೆಗೆಯುತ್ತೇವೆ, ಸ್ಟೇಟಸ್ಸಿಗೂ ಹಾಕುತ್ತೇವೆ. ಅದೆಲ್ಲ ಮುಗಿದ ಮೇಲೆ, "ಎಷ್ಟು ಮಾರಾಯ್ರೆ?" 150 ಎಂದಿಟ್ಟುಕೊಳ್ಳಿ. "ಹಾಳೆಗೆಂಥ ದುಡ್ಡು! ನಮ್ಮ ತೋಟದಲ್ಲಿ ರಾಶಿ ಬಿದ್ದುಂಟು!"

ರಾಶಿ ಬಿದ್ದಿರುವುದು ಸುಳ್ಳಲ್ಲ, ಲೆಕ್ಕ ಹಾಕಿಯೇ ನೋಡೋಣ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 530 ಅಡಿಕೆ ಮರ. ಮರವೊಂದು ವರ್ಷಕ್ಕೆ ಕಡಿಮೆಯೆಂದರೂ ಐದು ಹಾಳೆ ಉದುರಿಸುತ್ತದೆ. ಅಲ್ಲಿಗೆ 2,650 ಹಾಳೆ, ಅಂದರೆ ಈ ಗಿರಾಕಿಯ ಪ್ರಕಾರ 2,650 ಮುಟ್ಟಾಳೆ. ಮನೆಯಲ್ಲಿ ನಾಲ್ಕು ತಲೆ ಇದ್ದರೆ ತಲೆಗೆ 662ರಂತೆ ಬರುತ್ತದೆ, ಮಿಕ್ಕ ಎರಡು ನಾಯಿಗೆ. ಬೆಳಿಗ್ಗೆ ಹಾಲು ಕರೆಯಲು ಒಂದು, ಸಂಜೆ ಡೈರಿಗೆ ಹೋಗಲು ಇನ್ನೊಂದು ಎಂದು ದಿನಕ್ಕೆರಡು ಹೊಸ ಮುಟ್ಟಾಳೆ ಧರಿಸಿದರೂ ನವೆಂಬರ್ ಕೊನೆಯವರೆಗೆ ಬರಿತಲೆಯಲ್ಲಿ ಅಂಗಳಕ್ಕಿಳಿಯುವ ಪ್ರಮೇಯವಿಲ್ಲ. ನೆಂಟರು ಬಂದರೆ ವೀಳ್ಯದ ಜೊತೆ ಒಂದೊಂದು ಕೊಡಬಹುದು. ಕುಬೇರನಿಗೂ ಇಷ್ಟು ಕಿರೀಟವಿರಲಿಕ್ಕಿಲ್ಲ. ಇಷ್ಟೆಲ್ಲ ಐಶ್ವರ್ಯವಿರುವ ಮನೆಯಲ್ಲಿ ಹುಡುಕಿದರೆ ಮುಟ್ಟಾಳೆ ಎಷ್ಟು ಸಿಗುತ್ತದೆ? ಒಂದೂ ಇಲ್ಲ. ಗೊಬ್ಬರದ ಕಂಪೆನಿ ಪುಕ್ಕಟೆ ಕೊಟ್ಟ ಟೋಪಿ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಏಕೆಂದರೆ ಮರ ಉದುರಿಸುವುದು ಹಾಳೆಯನ್ನು ಮಾತ್ರ. ಅದು ಒಣಗಿದ ಮೇಲೆ ಮಡಚಹೋದರೆ ಪಟ್ಟನೆ ಸೀಳುತ್ತದೆ. ಸೀಳಿಲ್ಲದ ಹಾಳೆ ಆರಿಸಿ, ನೀರಲ್ಲಿ ನೆನೆಹಾಕಿ, ಮೆತ್ತಗಾದಾಗ ತಲೆಯ ಅಳತೆಗೆ ನೆರಿಗೆ ಹಿಡಿದು ಹೊಲಿಯಬೇಕು. ಆ ನೆರಿಗೆ ಹಿಡಿಯುವ ಬೆರಳು ಯಾವ ತೋಟದಲ್ಲೂ ಉದುರುವುದಿಲ್ಲ. ಅದೇ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದ ತಟ್ಟೆಯನ್ನು ಮದುವೆಗೆ ನೂರಿನ್ನೂರರ ಕಟ್ಟಿನಲ್ಲಿ ತಂದು, ಒಂದೂಟಕ್ಕೆ ಬಳಸಿ ಎಸೆಯುವಾಗ ನಮ್ಮ ತೋಟದ ನೆನಪೇ ಆಗುವುದಿಲ್ಲವಲ್ಲ!

ಚೌಕಾಸಿ ನಮ್ಮ ಸಂಸ್ಕೃತಿ, ಅದಿಲ್ಲದಿದ್ದರೆ ಸಂತೆಗೆ ಕಳೆಯೆಲ್ಲಿ ಎನ್ನುವವರಿದ್ದಾರೆ. ಒಪ್ಪಿದೆ. ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಗೆ ಕ್ರಯ ಇಳಿಸಿ ಕೇಳುವವರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಅಲ್ಲಿ ಕುಳಿತ ಅಕ್ಕ ಒಂದೇ ಮಾತಿನಲ್ಲಿ ಗಿರಾಕಿಯ ಏಳು ತಲೆಮಾರಿನ ಜಿಪುಣತನವನ್ನು ಊರಿಗೇ ಕೇಳುವಂತೆ ಸಾರಬಲ್ಲರು. ಅದು ಸಮಬಲರ ಕಾಳಗ. ಜೊತೆಗೆ ಬಂಗುಡೆ ಸಂಜೆಗೆ ಹಳಸುತ್ತದೆ, ದರ ಇಳಿಯುವುದಕ್ಕೆ ಒಂದು ನ್ಯಾಯವಿದೆ. ಮೇಳದಲ್ಲಿ ಮುಟ್ಟಾಳೆಯ ಪಕ್ಕ ಇಟ್ಟ ಬುಟ್ಟಿ ಹಳಸುವುದಿಲ್ಲ. ಬುಟ್ಟಿ ಹೆಣೆಯುವವರಿಗೆ ಬಾಯಿ ಜೋರಿರುವುದೂ ಅಪರೂಪ. ಬಾಯಿಲ್ಲದವರೆದುರು ಗೆದ್ದು ಬಂದದ್ದನ್ನು ಸಂಸ್ಕೃತಿಯ ಖಾತೆಗೆ ಜಮಾ ಮಾಡುವುದು ಬೇಡ.

ಮೇಳದಲ್ಲಿ ಅರ್ಧಕ್ಕರ್ಧ ಮೆಷಿನ್ ಮಾಲು, ಕೈಕೆಲಸವೆಂದು ಟೋಪಿ ಹಾಕುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲೂ ಹುರುಳಿದೆ. ಹಾಗಾದರೆ ವಸ್ತುವನ್ನು ತಿರುಗಿಸಿ ನೋಡಬೇಕು, ಹೆಣಿಗೆ ಸರಿದೂಗಿದೆಯೇ, ಅಂಚು ಭದ್ರವಿದೆಯೇ ಎಂದು ಕೇಳಬೇಕು. ನಾವು ನೋಡುವ ಪರೀಕ್ಷೆಯೇ ಬೇರೆ: "ಇದರ ಹಾಗೇ ಇನ್ನೊಂದು ಕೊಡಿ." ಇಲ್ಲವೆಂದರೆ, "ಒಂದು ಸಣ್ಣ, ಒಂದು ದೊಡ್ಡ, ಫಿನಿಶಿಂಗ್ ಇಲ್ಲ" ಎಂಬ ತೀರ್ಪು. ಇದೇ ನಾವು ಅದೇ ದಿನ ಬೆಳಿಗ್ಗೆ ಬೆಂಗಳೂರಿನ ನೆಂಟರನ್ನು 1430ರ ಸಾವಿರ ಕಂಬದ ಬಸದಿಗೆ ಕರೆದೊಯ್ದು, ಕುತ್ತಿಗೆ ಎತ್ತಿ, "ನೋಡಿ, ಒಂದು ಕಂಬದ ಹಾಗೆ ಇನ್ನೊಂದಿಲ್ಲ!" ಎಂದು ನಾವೇ ಕೆತ್ತಿದವರ ಹಾಗೆ ಬೀಗಿರುತ್ತೇವೆ. ಕಲ್ಲಿನಲ್ಲಿದ್ದರೆ ಕಲೆ, ಬೆತ್ತದಲ್ಲಿದ್ದರೆ ಫಿನಿಶಿಂಗ್ ಇಲ್ಲ.

ಇಲ್ಲಿಯವರೆಗೆ ನಗಬಹುದು. ಮುಂದಿನದಕ್ಕೆ ನಗು ಬರುವುದಿಲ್ಲ. ನಮ್ಮ ಕಡೆ ಕಾಡಿನ ಬೂರು, ಅಂದರೆ ಬಳ್ಳಿ, ತಂದು, ಸಿಗಿದು, ಬುಟ್ಟಿ ಹೆಣೆಯುವ ಕೌಶಲ ಮುಖ್ಯವಾಗಿ ಕೊರಗ ಸಮುದಾಯದ್ದು. ತಲೆಮಾರುಗಟ್ಟಲೆ ಅವರನ್ನು ಅಂಗಳದಾಚೆ ನಿಲ್ಲಿಸಿ, ಬುಟ್ಟಿ ತೆಗೆದುಕೊಂಡು, ಮನೆಯವರಿಗೆ ತೋಚಿದಷ್ಟು ಅಕ್ಕಿಯನ್ನೋ ಉಳಿದ ಅನ್ನವನ್ನೋ ಕೊಟ್ಟು ಕಳಿಸಿದ್ದೇವೆ. ಅವರನ್ನು ಕೀಳಾಗಿ ನಡೆಸಿಕೊಳ್ಳುತ್ತಿದ್ದ, ಅವರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕರ್ನಾಟಕ ಕಾನೂನನ್ನೇ ತರಬೇಕಾಯಿತು. ಅಂದರೆ ಈ ಬುಟ್ಟಿಯ ಬೆಲೆಯನ್ನು ಹೆಣೆದವರು ಹೇಳಿದ್ದು ಕಡಿಮೆ, ಕೊಳ್ಳುವವರು ಹೇಳಿದ್ದೇ ಹೆಚ್ಚು. "ಹಾಳೆಗೆಂಥ ದುಡ್ಡು" ಎಂದು ಸಲೀಸಾಗಿ ಬಾಯಿಗೆ ಬರುವುದರ ಹಿಂದೆ ತೋಟದ ಜೊತೆಗೆ ಈ ಅಭ್ಯಾಸವೂ ಇದೆ. ಮೇಳದ ಮೇಜಿನ ಮೇಲೆ ಒಂದು ರೇಟಿನ ಚೀಟಿ ಕಂಡರೆ ನಮಗೆ ಕಸಿವಿಸಿಯಾಗುವುದು ದರಕ್ಕಲ್ಲ, ದರ ಹೇಳುವ ಸರದಿ ಬದಲಾಯಿತಲ್ಲ ಎಂಬುದಕ್ಕೆ.

ಚೌಕಾಸಿ ನಿಷೇಧಿಸಬೇಕೆಂದು ನಾನು ಹೇಳಲಾರೆ. ಅದು ನಮ್ಮ ಜಿಲ್ಲೆಯಲ್ಲಿ ಜಾರಿಯಾಗುವ ಕಾನೂನಲ್ಲ. ಸಣ್ಣ ಏರ್ಪಾಡೊಂದು ಸಾಕು. ಪ್ರತಿ ಮಳಿಗೆಯ ಬದಿಗೆ ಒಂದು ಬೆಂಚು, ಒಂದು ಬಕೆಟ್ ನೀರಿನಲ್ಲಿ ನೆನೆಹಾಕಿದ ಹಾಳೆ, ಸೂಜಿ, ದಾರ ಇರಲಿ. "ನಮ್ಮ ತೋಟದಲ್ಲೇ ಉಂಟು" ಎಂದವರನ್ನು ಮರ್ಯಾದೆಯಿಂದ ಕುಳ್ಳಿರಿಸಲಿ. ಮೇಳ ಮುಗಿಯುವುದರೊಳಗೆ ತಲೆಗೆ ನಿಲ್ಲುವಂಥ ಒಂದು ಮುಟ್ಟಾಳೆ ಅವರು ಹೊಲಿದುಕೊಟ್ಟರೆ, ಅಂಗಡಿಯವರು ಅದನ್ನು ಕಡ್ಡಾಯವಾಗಿ ಕೊಳ್ಳತಕ್ಕದ್ದು. ಆದರೆ ಗಿರಾಕಿ ಕೇಳಿದ್ದ ದರಕ್ಕೇ.