ಮಾನ್ಯ ಬಾಡಿಗೆ ಜಾಮೀನುದಾರರಿಗೊಂದು ಬಹಿರಂಗ ಪತ್ರ

ಕೋರ್ಟಿನ ಕಾಂಪೌಂಡಿನಾಚೆ, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ನಿಲ್ಲುವ ಮಹನೀಯರೇ,

ಹೈದರಾಬಾದಿನ ಕನ್ನಡಿಗರ ಕಡೆಯಿಂದ ನಮಸ್ಕಾರ. ಪೊಲೀಸರು ನಿಮ್ಮನ್ನು ನಕಲಿ ಶ್ಯೂರಿಟಿ ಗ್ಯಾಂಗ್ ಎನ್ನುತ್ತಾರೆ. ಶುದ್ಧ ಅನ್ಯಾಯ. ಬಂಧುಬಳಗವಿಲ್ಲದ ಊರಲ್ಲಿ ದುಡ್ಡು ಕೈಗೆ ಬಿದ್ದ ಕೂಡಲೇ ಚಿಕ್ಕಪ್ಪನಾಗುವವರು ಇನ್ಯಾರಿದ್ದಾರೆ?

ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನೊಬ್ಬ ಕಬ್ಬಿಣದ ಸರಳು ಕದ್ದನೆಂದು ಚಂಚಲಗೂಡ ಜೈಲು ಸೇರಿದ ಎನ್ನಿ. ಜಾಮೀನೇನೋ ಸಿಗುತ್ತದೆ. ಆದೇಶದ ಕೊನೆಯಲ್ಲಿ 'ಇಬ್ಬರು ಸ್ಥಳೀಯ ಶ್ಯೂರಿಟಿ' ಎಂದಿರುತ್ತದೆ, ಅಷ್ಟೇ. ಅವನ ಹೆಂಡತಿಗೆ ಈ ಊರಲ್ಲಿ ಪರಿಚಯವಿರುವವರೂ ಸರಿಯಾಗಿ ಇಬ್ಬರೇ: ಮೇಸ್ತ್ರಿ ಮತ್ತು ಕಿರಾಣಿ ಅಂಗಡಿಯವನು. ದೂರು ಕೊಟ್ಟವನೇ ಮೇಸ್ತ್ರಿ. ಕಿರಾಣಿಯವನಿಗೆ ಹಳೇ ಬಾಕಿ ಇದೆ. ಊರಿಂದ ಅಣ್ಣ ಎರಡೆಕರೆಯ ಪಹಣಿ ಹಿಡಿದು ರಾತ್ರಿ ಬಸ್ಸಿಗೆ ಬಂದರೆ, ಅದು ಕರ್ನಾಟಕದ ಪಹಣಿ, ಕನ್ನಡದಲ್ಲಿದೆ, ನಡೆಯುವುದಿಲ್ಲ. ಆಗ ವಕೀಲರ ಗುಮಾಸ್ತ ಬಾಯಿ ಬಿಡದೆ ಹುಬ್ಬಿನಲ್ಲೇ ನಿಮ್ಮನ್ನು ತೋರಿಸುತ್ತಾನೆ.

ನಿಮ್ಮ ಕವರಿನಲ್ಲಿ ಮನೆ ತೆರಿಗೆ ರಸೀದಿ, ಆಧಾರ್ ಜೆರಾಕ್ಸ್, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ. ಅಂಗೈಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದುಕೊಂಡ ಆರೋಪಿಯ ಹೆಸರು, ಬೆವರಿಗೆ ಅರ್ಧ ಅಳಿಸಿದ್ದು. 'ಇವನನ್ನು ಎಷ್ಟು ದಿನದಿಂದ ಬಲ್ಲೆ?' ಎಂದು ಸಾಹೇಬರು ಕೇಳಿದರೆ, 'ಚಿಕ್ಕಂದಿನಿಂದ ಸಾರ್' ಎನ್ನುತ್ತೀರಿ. ಅವನ ಮುಖವನ್ನು ನೀವು ಕಂಡದ್ದು ಆಗಷ್ಟೇ.

ಹಿಂದೊಮ್ಮೆ ಇದೇ ಶ್ಯೂರಿಟಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ಮೋತಿರಾಮನೆಂಬವನೂ ಗಾರೆಯವನೇ. ಮಧ್ಯಪ್ರದೇಶದಲ್ಲಿ ಅವನಿಗೆ 10,000 ರೂಪಾಯಿಯ ಶ್ಯೂರಿಟಿ ಕೇಳಿದ ಮ್ಯಾಜಿಸ್ಟ್ರೇಟರು, ಒಡಹುಟ್ಟಿದವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಲ್ಲೆ ಅಂದರು. 1978ರಲ್ಲಿ ಸುಪ್ರೀಂ ಕೋರ್ಟಿನ ವಿ.ಆರ್. ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿ, ಕನ್ನಡಿಗನನ್ನೋ ತೆಲುಗನನ್ನೋ ಬಸ್ತರಿನಲ್ಲಿ, ಚಾಂದನಿ ಚೌಕದಲ್ಲಿ ಹಿಡಿದರೆ ಅವನೇನು ಮಾಡಬೇಕು ಎಂದು ತೀರ್ಪಿನಲ್ಲೇ ಕೇಳಿದರು. ಪಾಪ, ನಿಮ್ಮ ವಿಳಾಸ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಮತ್ತೆ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಜಾಮೀನು ಸಿಕ್ಕಿಯೂ ಏಳು ದಿನದಲ್ಲಿ ಹೊರಬರದವರ ಸುದ್ದಿಯನ್ನು ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಮುಟ್ಟಿಸಬೇಕು ಎಂದಿತು. ಸ್ಥಳೀಯ ಶ್ಯೂರಿಟಿಯ ಷರತ್ತು ಹಾಕದಿರಬಹುದು ಎಂಬ ಸಲಹೆಯನ್ನೂ ಕೊಟ್ಟಿತು. ಹೆದರಬೇಡಿ, ಸಲಹೆ ತಾನೇ. ಅದೇ ವರ್ಷ ಕೇಂದ್ರ ಗೃಹ ಸಚಿವಾಲಯ ಬಡ ವಿಚಾರಣಾಧೀನ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ ನೆರವಿನ ಯೋಜನೆ ತಂದಿತು. ಅವರು ದುಡ್ಡು ಕೊಡಬಹುದು, ಚಿಕ್ಕಪ್ಪನನ್ನು ಕೊಡಲಾರರು.

ನಿಮ್ಮ ದರ ಜಾಸ್ತಿಯೆಂದು ಗೊಣಗುವವರಿಗೆ ನಮ್ಮ ಬಳ್ಳಾರಿಯ ಉದಾಹರಣೆ ಕೊಡಿ. ಗಾಲಿ ಜನಾರ್ದನ ರೆಡ್ಡಿಯವರು 2011ರಲ್ಲಿ ಇದೇ ಚಂಚಲಗೂಡಕ್ಕೆ ಬಂದವರು. 2012ರ ಮೇ ತಿಂಗಳಲ್ಲಿ ಅವರಿಗೆ ಜಾಮೀನು ಕೊಟ್ಟ ಸಿಬಿಐ ವಿಶೇಷ ನ್ಯಾಯಾಧೀಶರು ಅದೇ ತಿಂಗಳು ಅಮಾನತಾದರು. ಕೋಟಿಗಟ್ಟಲೆ ಲಂಚ ಕೈಬದಲಾಯಿತೆಂಬುದು ಆರೋಪ. ಅದರ ಮುಂದೆ ನೀವು ಧರ್ಮಛತ್ರ ನಡೆಸುತ್ತಿದ್ದೀರಿ.

2024ರ ಡಿಸೆಂಬರಿನಲ್ಲಿ ನಟ ಅಲ್ಲು ಅರ್ಜುನ್‌ಗೆ ಹೈಕೋರ್ಟು ಬಂಧನದ ದಿನವೇ ಮಧ್ಯಂತರ ಜಾಮೀನು ಕೊಟ್ಟರೂ, ಕಾಗದ ತಡವಾಗಿ ಒಂದು ರಾತ್ರಿ ಒಳಗೇ ಕಳೆಯಬೇಕಾಯಿತು. ದೇಶವೆಲ್ಲ ಟಿವಿ ಮುಂದೆ ಕೂತು ಮರುಗಿತು. ಗಾರೆಯವನ ಹೆಂಡತಿ ಮುಲಾಖಾತಿನ ಸಾಲಿನಲ್ಲಿ ಕೂಸನ್ನು ಸೊಂಟಕ್ಕೇರಿಸಿ ನಿಂತದ್ದನ್ನು ತೋರಿಸಲು ಚಾನೆಲ್ಲಿನವರಿಗೆ ಪುರುಸೊತ್ತೆಲ್ಲಿ?

ಒಂದೇ ಚಿಂತೆ. ನಾಳೆ ನಿಮ್ಮನ್ನೇ ಹಿಡಿದು ಒಳಗೆ ಹಾಕಿ, ಇಬ್ಬರು ಸ್ಥಳೀಯ ಶ್ಯೂರಿಟಿ ಕೊಡಿ ಅಂದರೆ? ಈಗಲೇ ಯಾರನ್ನಾದರೂ ಗೊತ್ತು ಮಾಡಿಕೊಳ್ಳಿ.

ಇಂತಿ ನಿಮ್ಮ,
ತೆಲಂಗಾಣದಲ್ಲಿ ಪಹಣಿ ಇಲ್ಲದವನು

ವಿ.ಸೂ.: ಸಂಗಾರೆಡ್ಡಿಯ ಹಳೇ ಜೈಲಿನಲ್ಲಿ 500 ರೂಪಾಯಿ ಕೊಟ್ಟು ಒಂದು ದಿನ ಕೈದಿಯಾಗಿರುವ ಯೋಜನೆಯನ್ನು ಇಲ್ಲಿನ ಬಂದೀಖಾನೆ ಇಲಾಖೆ 2016ರಲ್ಲಿ ಶುರುಮಾಡಿತ್ತು. ಅದಕ್ಕೆ ಶ್ಯೂರಿಟಿ ಬೇಕಿರಲಿಲ್ಲ.