ಶಾಂತ ನದಿಗೊಂದು ಎಕ್ಸೆಲ್ ಶೀಟು

ಅರಿಜೋನಾದ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಬುಡದಿಂದ ಲೀಸ್ ಫೆರಿಯವರೆಗೆ ಕೊಲೊರಾಡೋ ನದಿ ಸುಮಾರು 24 ಕಿಲೋಮೀಟರ್ ಹರಿಯುತ್ತದೆ. ಅಬ್ಬರವಿಲ್ಲ, ಬಂಡೆಗೆ ಅಪ್ಪಳಿಸುವ ನೊರೆಯಿಲ್ಲ. ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ನಡುವೆ ಹಸಿರು ನೀರು. ಗೈಡ್ ಬೇಕಿಲ್ಲ, ಹಗಲು ಹೋಗಿ ಹಗಲೇ ಬರುವವರಿಗೆ ಪರ್ಮಿಟ್ಟೂ ಬೇಕಿಲ್ಲ. ಬೆಳಿಗ್ಗೆ ಲೀಸ್ ಫೆರಿಯಲ್ಲಿ ಕಾರು ನಿಲ್ಲಿಸಿದರೆ ಮೋಟಾರು ಬೋಟಿನವನು ನಿಮ್ಮನ್ನೂ ನಿಮ್ಮ ಕಯಾಕನ್ನೂ ಹೇರಿಕೊಂಡು ಅಣೆಕಟ್ಟಿನ ಹತ್ತಿರ ಇಳಿಸಿ ಬರುತ್ತಾನೆ. ಅಲ್ಲಿಂದ ನದಿಯೇ ನಿಮ್ಮನ್ನು ಕಾರಿನ ಬುಡಕ್ಕೆ ತಂದುಬಿಡುತ್ತದೆ. ಮನುಷ್ಯನಾದವನು ಮಾಡಬೇಕಾದ್ದು ಸುಮ್ಮನೆ ಕೂರುವುದು. ನನಗೆ ಬಾರದ ವಿದ್ಯೆ ಅದೊಂದೇ.

ಫೀನಿಕ್ಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ಸಂಬಳ ತೆಗೆದುಕೊಳ್ಳುವವನು ನಾನು. ತೀರ್ಥಹಳ್ಳಿಯಿಂದ ಅತ್ತೆಯೂ ಭಾವಮೈದುನನೂ ಬರುತ್ತಾರೆಂದು ಗೊತ್ತಾದ ದಿನವೇ ಎಕ್ಸೆಲ್ ತೆರೆದೆ. ಸಮಯ, ಕೆಲಸ, ಹೊಣೆ, ಅಪಾಯ, ಪರಿಹಾರ ಅಂತ ಕಾಲಮ್ಮುಗಳು. ಅಪಾಯದಲ್ಲಿ ಚೇಳು ಇತ್ತು, ಸಿಡಿಲು ಇತ್ತು, ಬಿಸಿಲಿನ ಹೊಡೆತವಿತ್ತು. ‘ಲೀಸ್ ಫೆರಿಯಲ್ಲಿ ಇಳಿಯಲು ಮರೆತರೆ’ ಎಂಬ ಸಾಲೂ ಇತ್ತು. ಅಲ್ಲಿಂದ ಮುಂದೆ ಶುರುವಾಗುವುದು ಗ್ರ್ಯಾಂಡ್ ಕ್ಯಾನಿಯನ್. 446 ಕಿಲೋಮೀಟರ್ ಕಮರಿ, ನಿಜವಾದ ಅಬ್ಬರದ ನೀರು, ಲಾಟರಿ ಎತ್ತಿ ಕೊಡುವ ಪರ್ಮಿಟ್ಟು. ಪರಿಹಾರದ ಕಾಲಮ್ಮಿನಲ್ಲಿ ‘ಬಲದಂಡೆಗೆ ತಿರುಗುವುದು’ ಎಂದು ಬರೆದು ದಪ್ಪಕ್ಷರ ಮಾಡಿದ್ದೆ.

ಭಾವಮೈದುನ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ನೋಡಿದ. “ಭಾವ, ಹೊಳೆಗೆ ಹೋಗಕ್ಕೆ ಇಷ್ಟೆಲ್ಲ ಬರ್ಕೋಬೇಕಾ? ನಾವು ಹೆಗಲಿಗೊಂದು ಟವೆಲ್ ಹಾಕ್ಕೊಂಡು ಹೋಗ್ತೀವಿ.” ತುಂಗೆಯಲ್ಲಿ ಈಜು ಕಲಿತವನ ಉಡಾಫೆ ಎಂದುಕೊಂಡು, ಅವನ ಹೆಸರಿನ ಮುಂದೆ ‘ತರಬೇತಿ ಅಗತ್ಯ’ ಎಂದು ಸೇರಿಸಿದೆ.

ನನ್ನ ಯೋಜನೆಯ ಕಿರೀಟವೆಂದರೆ ಹಾರ್ಸ್‌ಶೂ ಬೆಂಡ್. ಅಲ್ಲಿ ನದಿ ಬಂಡೆಯೊಂದನ್ನು ಸುತ್ತಿಕೊಂಡು ಬಂದ ದಿಕ್ಕಿಗೇ ಮರಳಿ ಹೋಗುತ್ತದೆ. 300 ಮೀಟರ್ ಮೇಲಿನ ಅಂಚಿನಲ್ಲಿ ದಿನವಿಡೀ ಪ್ರವಾಸಿಗರ ಜಾತ್ರೆ. ನೀರಿಗಿಳಿಯಲೊಲ್ಲದ ಅತ್ತೆ ನನ್ನ ಮಗನ ಜೊತೆ ಆ ಅಂಚಿಗೆ ಬಂದು ನಿಲ್ಲುವುದು, ನಾವು ಕೆಳಗೆ ಕೆಂಪು ಕಯಾಕಿನಲ್ಲಿ ಹಾದುಹೋಗುವುದು, ಮಗ ವಿಡಿಯೋ ಮಾಡುವುದು. ಶೀಟಿನಲ್ಲಿ ಹೀಗಿತ್ತು: ‘11.40, ಕೈ ಬೀಸುವುದು.’

ಎಡವಟ್ಟು ಶುರುವಾದದ್ದು ಗಡಿಯಾರದಿಂದ. ಅರಿಜೋನಾ 1968ರಿಂದ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದೆ ತಳ್ಳುವುದಿಲ್ಲ. ಪಕ್ಕದ ಯೂಟಾ ತಳ್ಳುತ್ತದೆ. ಅರಿಜೋನಾದೊಳಗೇ ಇರುವ ನವಾಹೋ ಜನರ ಸೀಮೆಯೂ ತಳ್ಳುತ್ತದೆ. ನಾವು ತಂಗಿದ್ದ ಪೇಜ್ ಎಂಬ ಊರು ಈ ಎರಡರ ಮಗ್ಗುಲಲ್ಲಿದೆ. ನಮ್ಮ ಫೋನುಗಳು ರಾತ್ರಿ ಯಾವ ಟವರಿನ ಮಾತು ಕೇಳಿದವೋ, ಐದಕ್ಕೆ ಇಟ್ಟ ಅಲಾರಂ ನಾಲ್ಕಕ್ಕೇ ಹೊಡೆದುಕೊಂಡಿತು. ನನಗೆ ತಿಳಿಯಲಿಲ್ಲ. “ಸೆಪ್ಟೆಂಬರ್ ಕೊನೆಯಲ್ಲವಾ, ಹಗಲು ಕಿರಿದಾಗುತ್ತೆ” ಎಂದು ಕಾರಿನಲ್ಲಿ ಎಲ್ಲರಿಗೂ ಖಗೋಳಶಾಸ್ತ್ರ ಹೇಳಿದೆ.

ಪೇಜ್‌ನಿಂದ ಲೀಸ್ ಫೆರಿಗೆ ರಸ್ತೆ ಸುತ್ತುಬಳಸಿ 65 ಕಿಲೋಮೀಟರಿಗೂ ಮೇಲಾಗುತ್ತದೆ. ದಾರಿಯಲ್ಲಿ 1929ರ ನವಾಹೋ ಸೇತುವೆ ಸಿಗುತ್ತದೆ. ನದಿಯಿಂದ 142 ಮೀಟರ್ ಎತ್ತರ, ಅದರ ಕಮಾನುಗಳ ಬಳಿ ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ಅಪರೂಪದ ದೊಡ್ಡ ರಣಹದ್ದುಗಳು ಕೂರುತ್ತವೆ. ‘ಕಾಂಡರ್ ವೀಕ್ಷಣೆ, 10 ನಿಮಿಷ’ ಎಂದು ಶೀಟಿನಲ್ಲಿ ಇದ್ದದ್ದರಿಂದ ಹತ್ತು ನಿಮಿಷ ಕತ್ತಲೆಯನ್ನು ವೀಕ್ಷಿಸಿದೆವು.

ದಂಡೆಯಲ್ಲಿ ನನ್ನ ಫೋನು ಏಳು ತೋರಿಸಿದರೂ ಬೋಟಿನವನ ಸುಳಿವಿಲ್ಲ. “ಈ ದೇಶದಲ್ಲೂ ಸಮಯಪ್ರಜ್ಞೆ ಹೋಯಿತು” ಎಂದು ಇಂಗ್ಲಿಷಿನಲ್ಲೇ, ಜೋರಾಗಿಯೇ ಗೊಣಗಿದೆ. ಟ್ರೌಟ್ ಮೀನು ಹಿಡಿಯಲು ಬಂದಿದ್ದ ಮುದುಕರೊಬ್ಬರು ಗಾಳ ಬಿಡಿಸುತ್ತಾ, “ನಿಮ್ಮ ಫೋನು ಇನ್ನೂ ಗಡಿಯಾಚೆ ಇದೆ, ಬೋಟಿನವನು ಅರಿಜೋನಾದಲ್ಲೇ ಇದ್ದಾನೆ, ಒಂದು ಗಂಟೆ ಕಾಯಿರಿ” ಎಂದರು. ಹೆಂಡತಿ ಶಾಲು ಹೊದ್ದು ಕಾರಿನಲ್ಲಿ ಮಲಗಿದಳು. ಪೇಜ್‌ನಲ್ಲಿದ್ದ ಅತ್ತೆಗೂ ಮಗನಿಗೂ ಈ ವಿಷಯ ತಿಳಿಸೋಣವೆಂದರೆ ಕಮರಿಯಲ್ಲಿ ಸಿಗ್ನಲ್ಲಿಲ್ಲ.

ಬೋಟಿನ ಸವಾರಿ ಚೆನ್ನಾಗಿತ್ತು. ಅದರಲ್ಲಿ ನನ್ನ ಪಾತ್ರ ಏನೂ ಇರಲಿಲ್ಲವಲ್ಲ, ಹಾಗಾಗಿ.

ಅಣೆಕಟ್ಟಿನ ಕೆಳಗೆ ನೀರಿಗಿಳಿದ ಮೇಲೆ ಭಾವಮೈದುನ ಒಬ್ಬನೇ ಕೂರುವ ಕಯಾಕ್ ಹತ್ತಿದ. ನಾನೂ ಹೆಂಡತಿಯೂ ಜೋಡಿ ಕಯಾಕ್. ಇಂಥದ್ದನ್ನು ಅಲ್ಲಿನವರು ತಮಾಷೆಗೆ ವಿಚ್ಛೇದನದ ದೋಣಿ ಎನ್ನುತ್ತಾರೆ. ದಿಕ್ಕು ತಿರುಗಿಸುವ ಅಧಿಕಾರ ಹಿಂದೆ ಕೂತವರದ್ದು, ಆದ್ದರಿಂದ ಹಿಂದೆ ನಾನು. ಗೋಡೆ ಎಡಕ್ಕಿದ್ದರೆ ಎಡಕ್ಕೆ, ಬಲಕ್ಕಿದ್ದರೆ ಬಲಕ್ಕೆ, ತಪ್ಪದೆ ಒಯ್ದು ಗುದ್ದಿಸುತ್ತಿದ್ದೆ. “ರೀ, ಅಷ್ಟು ದೊಡ್ಡ ನದಿ ಖಾಲಿ ಬಿದ್ದಿದೆ” ಎಂದಳು. ಅಷ್ಟರಲ್ಲಿ ಭಾವಮೈದುನ ತುಂಗೆಯ ಗೌರವ ಉಳಿಸಲು ಧುಮುಕಿ, ಧುಮುಕಿದ್ದಕ್ಕಿಂತ ಬೇಗ ಮೇಲೆ ಬಂದ. ಪೊವೆಲ್ ಸರೋವರದ ಬಿಸಿಲು ಕಾಣದ ಆಳದಿಂದ ಟರ್ಬೈನುಗಳ ಮೂಲಕ ಬರುವ ನೀರು ಅದು. ಕೆಸರೆಲ್ಲ ಸರೋವರದಲ್ಲೇ ತಂಗುವುದರಿಂದ ಸ್ವಚ್ಛ ಹಸಿರು, ಆದರೆ ಮೈ ಕೊರೆಯುವ ತಣ್ಣಗೆ. ಹಲ್ಲು ಕಟಕಟಿಸುತ್ತಾ, “ಚೆನ್ನಾಗಿದೆ ಭಾವ, ನೀವೂ ಬನ್ನಿ” ಎಂದ.

ಅಣೆಕಟ್ಟಿನಿಂದ ಸುಮಾರು ಎಂಟು ಕಿಲೋಮೀಟರ್ ಕೆಳಗೆ ಮರಳ ದಂಡೆಯೊಂದಿದೆ. ಅಲ್ಲಿ ಇಳಿದು ಸ್ವಲ್ಪ ನಡೆದರೆ ಬಂಡೆಯ ಮೇಲೆ ಹಳಬರು ಕೆತ್ತಿದ ಕಾಡುಕುರಿಗಳ ಚಿತ್ರ. ಕಯಾಕಿನ ಮೂತಿಯನ್ನು ಮರಳಿಗೆ ಆನಿಸಿಟ್ಟು ನಡೆದೆವು. ಬಂಡೆಯೆದುರು ನಾನು ಆದಿಮಾನವನ ಯೋಜನಾಶಕ್ತಿಯ ಬಗ್ಗೆ ದೀರ್ಘವಾಗಿಯೇ ಮಾತಾಡಿದೆ. ಕೇಳಲಾರದೆ ಇಬ್ಬರೂ ಹಿಂದಕ್ಕೆ ಹೊರಟರು.

“ರೀ, ನಮ್ಮ ದೋಣಿ ಕೆಂಪು ಅಲ್ವಾ?”

“ಹೌದು.”

“ಅಗೋ ಅಲ್ಲಿ ಹೋಗ್ತಿರೋದೂ ಕೆಂಪೇ.”

ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ, ನದಿ ಮಾತ್ರ ಮೊಣಕಾಲುದ್ದ ಏರಿದೆ. ಈ ಹೊಳೆ ಏರಿಳಿಯುವುದು ಮಳೆಯಿಂದಲ್ಲ, ಕರೆಂಟಿನಿಂದ. ರಾತ್ರಿ ಊರುಗಳು ಮಲಗಿದಾಗ ಅಣೆಕಟ್ಟು ಕಡಿಮೆ ನೀರು ಬಿಡುತ್ತದೆ. ಬೆಳಗಾಗಿ ವಿದ್ಯುತ್ ಬೇಡಿಕೆ ಏರಿದಂತೆ ಟರ್ಬೈನಿಗೆ ಹೆಚ್ಚು ನೀರು, ಕೆಳಗಿನ ದಂಡೆಗಳೆಲ್ಲ ಮೆಲ್ಲಗೆ ಮುಳುಗುತ್ತವೆ. ಗೊತ್ತಿದ್ದವರು ಕಯಾಕನ್ನು ಎತ್ತರಕ್ಕೆ ಎಳೆದು ಕಟ್ಟುತ್ತಾರೆ. ಚೇಳಿಗೆ ಒಂದು ಸಾಲು ಕೊಟ್ಟ ನಾನು ಇದಕ್ಕೆ ಕೊಟ್ಟಿರಲಿಲ್ಲ. ಫೀನಿಕ್ಸಿನ ಮನೆಯಲ್ಲಿ ಎ.ಸಿ. ಆರಿಸಿ ಬಂದೆನೇ ಎಂಬ ಅನುಮಾನವೂ ಆಗಲೇ ಬಂತು. ನನ್ನ ದೋಣಿಯನ್ನು ಒಯ್ದ ನೀರಿನಲ್ಲಿ ನನ್ನದೂ ಒಂದು ಚೊಂಬು ಇದ್ದಿರಬಹುದು.

“ಊಟ ಅದರಲ್ಲಿದೆ!” ಎಂದು ಹೆಂಡತಿ ಕಿರುಚಿದಳು. ಪುಳಿಯೋಗರೆ, ಮೊಸರನ್ನ, ನಿಪ್ಪಟ್ಟು, ಅತ್ತೆ ಊರಿಂದ ತಂದ ಅಪ್ಪೆಮಿಡಿ. ನೀರು ತಾಗದ ಒಂದೇ ಒಂದು ಚೀಲದಲ್ಲಿ ಫೋನು ತೆಗೆದು ಅಪ್ಪೆಮಿಡಿ ಇಟ್ಟವಳು ಅವಳು. ಭಾವಮೈದುನ ತನ್ನ ಕಯಾಕನ್ನು ದಂಡೆಯ ಮೇಲಕ್ಕೆ ಎಳೆದು ಹಾಕಿದ್ದ, ಯಾರೂ ಹೇಳಿಕೊಡದೆ. ಅದನ್ನೇ ನೀರಿಗೆ ನೂಕಿ ಬೆನ್ನಟ್ಟಿದ.

ಹಿಡಿದನೇನೋ ಸರಿ. ಹರಿವಿಗೆ ಎದುರಾಗಿ ಎಳೆದು ತರಲು ಆಗದೆ ಕೆಳಗಿನ ಮರಳಿನಲ್ಲಿ ನಿಲ್ಲಿಸಿಕೊಂಡ. ನಾವು ದಂಡೆಗುಂಟ ಬೆಳೆದ ಟ್ಯಾಮರಿಸ್ಕ್ ಪೊದೆಗಳಲ್ಲಿ ನುಸುಳಿ, ಚಪ್ಪಲಿ ಕಿತ್ತುಕೊಂಡು, ಮೈಯೆಲ್ಲ ಗೀರಿಸಿಕೊಂಡು ತಲುಪುವ ಹೊತ್ತಿಗೆ ನಿಪ್ಪಟ್ಟಿನ ಡಬ್ಬಿ ಖಾಲಿಯಾಗಿತ್ತು. “ಕಾದು ಕಾದು ಹಸಿವಾಯ್ತು ಭಾವ.”

ಹಾರ್ಸ್‌ಶೂ ಬೆಂಡ್ ತಲುಪಿದಾಗ ಹನ್ನೆರಡೂವರೆ ದಾಟಿತ್ತು. ಮಧ್ಯಾಹ್ನ ಕಮರಿಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ನದಿ ಮುಂದೆ ನೂಕುತ್ತದೆ, ಗಾಳಿ ಹಿಂದೆ ನೂಕುತ್ತದೆ, ನಾನು ಪಕ್ಕಕ್ಕೆ ನೂಕುತ್ತೇನೆ. ಕಯಾಕು ಹರಿಗೋಲಿನಂತೆ ನಿಂತಲ್ಲೇ ತಿರುಗಿತು. ಮೇಲೆ ಅಂಚಿನಲ್ಲಿ ಸಾಸಿವೆಯಷ್ಟು ಜನ. ಹುಟ್ಟು ಬಿಟ್ಟು ಕೈ ಬೀಸಿದೆ, ಇನ್ನೊಂದು ಸುತ್ತು ತಿರುಗಿದೆವು.

“1869ರಲ್ಲಿ ಪೊವೆಲ್ ಇದೇ ಹೊಳೆಯಲ್ಲಿ ಮರದ ದೋಣಿಯಲ್ಲಿ ಹೋದ ಅಂತ ನೀವೇ ತಾನೇ ರಾತ್ರಿ ಓದಿ ಹೇಳಿದ್ದು?” ಎಂದಳು ಹೆಂಡತಿ, ಹಿಂದೆ ತಿರುಗದೆ.

“ಹೌದು. ಯುದ್ಧದಲ್ಲಿ ಒಂದು ಕೈ ಹೋಗಿತ್ತು ಪಾಪ.”

“ಅದೇ. ನಿಮಗೆ ಎರಡೂ ಇವೆ.”

ಅಲ್ಲಿಂದ ಮುಂದೆ ಅವಳು ಹಿಂದೆ ಕೂತಳು. ಲೀಸ್ ಫೆರಿಯವರೆಗೆ ಒಂದೇ ಒಂದು ಗೋಡೆ ತಾಗಲಿಲ್ಲ. ಬಲದಂಡೆಗೆ ತಿರುಗುವುದನ್ನೂ ಅವಳೇ ಮಾಡಿದಳು. ‘ಬಲಕ್ಕೆ’ ಎಂದು ಕೂಗುವ ಕೆಲಸವನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ.

ಸಂಜೆ ಪೇಜ್ ತಲುಪುತ್ತಿದ್ದಂತೆ ಫೋನಿಗೆ ಜೀವ ಬಂದು ಕುಟುಂಬದ ಗ್ರೂಪಿನಲ್ಲಿ ಸಂದೇಶಗಳು ಸುರಿದವು. ಅತ್ತೆ ವಿಡಿಯೋ ಹಾಕಿದ್ದರು. ತಳದಲ್ಲಿ ಹಸಿರು ನೀರು, ಅದರ ಮೇಲೆ ಒಂದು ಕೆಂಪು ಕಯಾಕು, ಗೆರೆ ಎಳೆದಂತೆ ನೇರವಾಗಿ ತಿರುವು ದಾಟುತ್ತಿದೆ. ಇಬ್ಬರ ಹುಟ್ಟುಗಳೂ ಒಟ್ಟಿಗೆ ಏಳುತ್ತಿವೆ, ಒಟ್ಟಿಗೆ ಇಳಿಯುತ್ತಿವೆ. ಅವರ ಫೋನಿನ 11.40ಕ್ಕೆ, ಅಂದರೆ ಅಸಲು 10.40ಕ್ಕೆ ತೆಗೆದದ್ದು. ಆ ಹೊತ್ತಿಗೆ ನಾವು ಪೊದೆಯಲ್ಲಿದ್ದೆವು. ತೀರ್ಥಹಳ್ಳಿಯಲ್ಲಿ ಬೆಳಗಿನ ಜಾವ ಎದ್ದವರೆಲ್ಲ ನೋಡಿಯಾಗಿತ್ತು. ‘ಅಳಿಯಂದಿರು ಸಣ್ಣಗಾಗಿದ್ದಾರೆ.’ ‘ಎಂಥ ಹೊಂದಾಣಿಕೆ!’ ‘ಇಬ್ಬರಿಗೂ ದೃಷ್ಟಿ ತೆಗೀರಿ.’

ಮಗನನ್ನು ಪಕ್ಕಕ್ಕೆ ಕರೆದು ಕೇಳಿದೆ.

“ನೀವಲ್ಲ ಅಂತ ಆಗ್ಲೇ ಗೊತ್ತಾಯ್ತಪ್ಪ. ದೋಣಿ ನೇರ ಹೋಗ್ತಿತ್ತು. ಅಜ್ಜಿ ತುಂಬ ಖುಷಿಯಾಗಿದ್ರು, ಬಿಟ್ಬಿಟ್ಟೆ.”

ಹೆಂಡತಿ ನನ್ನ ಮುಖ ನೋಡಿದಳು. ನಾನು ಗ್ರೂಪಿಗೆ ಕೈಮುಗಿದ ಚಿತ್ರವೊಂದನ್ನು ಹಾಕಿ, ಕೆಳಗೆ ಬರೆದೆ: ‘ಎಲ್ಲಾ ಪ್ಲ್ಯಾನಿಂಗು.’